ಸ್ಥಳ ಮತ್ತು ನಾಮಾಂಕಿತ: ಭ್ರಾಂತಿವಿನೋದದ ಪಾತ್ರಗಳನ್ನು ಕುರಿತು ಎಡೆದೊರೆ ನಾಡಿನಿಂದ ಒಂದು ವಿಚಾರ

೧

ಷೇಕ್ಸ್‌ಪಿಯರ್ ಮಹಾಕವಿಯು ಕನ್ನಡಕ್ಕೆ ಮೊದಲು ಬಂದುದು ಅವನ ದುರಂತ ನಾಟಕಗಳ ಮೂಲಕವಲ್ಲ, ಒಂದು ನಗೆನಾಟಕದ ಮೂಲಕ. ೧೮೭೧ರಲ್ಲಿ ಧಾರವಾಡದ ವಿದ್ಯಾ ಇಲಾಖೆಯಲ್ಲಿ ದುಡಿದ ಚೆನ್ನಬಸಪ್ಪನವರು ‘ದಿ ಕಾಮೆಡಿ ಆಫ್ ಎರರ್ಸ್’ ಎಂಬ ನಾಟಕವನ್ನು ‘ನಗದವರನ್ನು ನಗಿಸುವ ಕಥೆ’ ಎಂಬ ಹೆಸರಿನಿಂದ ಕನ್ನಡ ಗದ್ಯಕ್ಕೆ ತಂದರು. ಐದು ವರ್ಷಗಳ ತರುವಾಯ, ೧೮೭೬ರಲ್ಲಿ, ಬಿ. ವೆಂಕಟಾಚಾರ್ಯರ ‘ಭ್ರಾಂತಿವಿಲಾಸ’ವು ಅದೇ ವಸ್ತುವನ್ನು ವಂಗಭಾಷೆಯ ಮಾರ್ಗವಾಗಿ ಮೈಸೂರು ಸೀಮೆಯ ವಾಚಕರಿಗೆ ಒದಗಿಸಿತು.

ಅದೇ ೧೮೭೧ರಲ್ಲಿ ಮುಂಬಯಿಯಿಂದ ಬಂದ ರೈಲುದಾರಿಯೂ ಮದರಾಸಿನಿಂದ ಬಂದ ರೈಲುದಾರಿಯೂ ರಾಯಚೂರಿನಲ್ಲಿ ಒಂದುಗೂಡಿದವು. ಈ ಎರಡು ಸಂಗತಿಗಳ ನಡುವೆ ಕಾರ್ಯಕಾರಣ ಸಂಬಂಧವೇನೂ ಇಲ್ಲ. ಆದರೆ ಗುರುತು ತಪ್ಪುವ ವಿನೋದಕ್ಕೆ ಬೇಕಾದ ಭೂಮಿಕೆ ಎಂತಹುದೆಂಬುದನ್ನು ಇವೆರಡೂ ಒಟ್ಟಾಗಿ ಸೂಚಿಸುತ್ತವೆ. ಎಲ್ಲರೂ ಎಲ್ಲರನ್ನೂ ಬಲ್ಲ ಹಳ್ಳಿಯಲ್ಲಿ ಇಂತಹ ಕಥೆ ನಡೆಯಲಾರದು. ಯಾರೂ ಯಾರನ್ನೂ ಅರಿಯದ ಮಹಾನಗರದಲ್ಲಿಯೂ ನಡೆಯಲಾರದು. ಊರಿನವರು ಪರಸ್ಪರ ಬಲ್ಲವರಾಗಿರಬೇಕು, ಅದೇ ವೇಳೆಗೆ ಪರಸ್ಥಳದವನೊಬ್ಬನು ಬಂದು ಇಳಿಯಲು ದಾರಿಯೂ ತೆರೆದಿರಬೇಕು. ನಾಟಕದ ಎಫೆಸಸ್ ಅಂತಹ ರೇವುಪಟ್ಟಣ. ಕಡಲಿಲ್ಲದ ರಾಯಚೂರು ರೈಲಿನಿಂದ ಅಂತಹುದೇ ಒಂದು ರೇವಾಯಿತೆನ್ನಬಹುದು.

ಪ್ರಸ್ತುತ ಲೇಖನದಲ್ಲಿ ನಾವು ಎತ್ತಿಕೊಂಡಿರುವ ಪ್ರಶ್ನೆ ಒಂದೇ. ಈ ವಿನೋದದ ಪಾತ್ರಗಳು ಪರಸ್ಪರ ತಪ್ಪಾಗಿ ತಿಳಿಯುವುದೇಕೆ, ಮತ್ತು ಆ ತಪ್ಪು ಯಾವ ಪ್ರಶ್ನೆಯನ್ನು ಕೇಳಿದ್ದರೆ ತಪ್ಪುತ್ತಿತ್ತು? ಇದಕ್ಕೆ ಉತ್ತರವನ್ನು ಕೃಷ್ಣಾ ತುಂಗಭದ್ರೆಗಳ ನಡುವಣ ಸೀಮೆಯಲ್ಲಿ, ಶಾಸನಗಳು ‘ಎಡೆದೊರೆ’ ಎಂದು ಕರೆದ ನಾಡಿನಲ್ಲಿ, ಅರಸಿದ್ದೇವೆ. ರಾಯಚೂರು, ದೇವದುರ್ಗ, ಮಾನ್ವಿಗಳ ರಂಗಸಂಪ್ರದಾಯವನ್ನೂ ಸಾಹಿತ್ಯ ಚರಿತ್ರೆಯನ್ನೂ ಈ ನಾಟಕದ ಪಕ್ಕದಲ್ಲಿಟ್ಟು ನೋಡಿದರೆ ಎರಡೂ ಹೆಚ್ಚು ಸ್ಪಷ್ಟವಾಗುವುವೆಂಬುದು ನಮ್ಮ ಅಭಿಪ್ರಾಯ.

೨

ಮೊದಲು ಪಾತ್ರಗಳ ಪೂರ್ವೋತ್ತರವನ್ನು ನೋಡೋಣ. ಇವುಗಳ ಮೂಲ ರೋಮಿನ ಪ್ರಹಸನಕಾರ ಪ್ಲಾಟಸ್ಸಿನ ‘ಮೆನಾಕ್ಮಿ’ ಎಂಬ ನಾಟಕ. ಅಲ್ಲಿ ಅವಳಿಗಳು ಒಂದೇ ಜೋಡಿ. ಒಬ್ಬನು ಬಾಲ್ಯದಲ್ಲಿ ಕಳೆದುಹೋಗುತ್ತಾನೆ. ಉಳಿದವನಿಗೆ ಅಜ್ಜನು ಕಳೆದುಹೋದ ಮೊಮ್ಮಗನ ಹೆಸರನ್ನೇ ಇಡುತ್ತಾನೆ. ಹೀಗಾಗಿ ಒಂದೇ ಮುಖದ ಇಬ್ಬರಿಗೆ ಒಂದೇ ಹೆಸರು ಬರುತ್ತದೆ. ಅಜ್ಜನ ಹೆಸರನ್ನು ಹಲವು ಮೊಮ್ಮಕ್ಕಳಿಗೆ ಇಡುವ, ತೀರಿಹೋದ ಮಗುವಿನ ಹೆಸರನ್ನು ಮುಂದಿನ ಮಗುವಿಗೆ ಇಡುವ ರೂಢಿಯನ್ನು ಬಲ್ಲ ನಮ್ಮವರಿಗೆ ಈ ಕಾರಣವು ಅಸಹಜವೆನಿಸಲಾರದು.

ಷೇಕ್ಸ್‌ಪಿಯರನು ಈ ಕಥೆಯನ್ನು ತೆಗೆದುಕೊಂಡು ಅವಳಿ ಒಡೆಯರ ಜೊತೆಗೆ ಅವಳಿ ಆಳುಗಳನ್ನೂ ಸೇರಿಸಿದನು. ಒಡೆಯರಿಬ್ಬರೂ ಆಂಟಿಫೋಲಸ್, ಆಳುಗಳಿಬ್ಬರೂ ಡ್ರೋಮಿಯೋ. ಹೆಸರು ಒಂದೇ ಆದುದಕ್ಕೆ ಅವನು ಕಾರಣವನ್ನೇ ಹೇಳುವುದಿಲ್ಲ. ಆಳಿನ ಗುರುತು ತಪ್ಪುವ ಪ್ರಸಂಗಗಳಿಗೆ ಪ್ಲಾಟಸ್ಸಿನ ಇನ್ನೊಂದು ನಾಟಕವಾದ ‘ಆಂಫಿಟ್ರುವೋ’ ಆಧಾರ. ಅಲ್ಲಿ ದೇವರಾಜ ಜುಪಿಟರನು ಗೃಹಸ್ಥನ ರೂಪವನ್ನೂ ಮರ್ಕ್ಯುರಿಯು ಅವನ ಆಳಿನ ರೂಪವನ್ನೂ ಧರಿಸಿ ಮನೆಯನ್ನು ಹೊಗುತ್ತಾರೆ. ಷೇಕ್ಸ್‌ಪಿಯರನು ಪ್ರಸಂಗವನ್ನು ಉಳಿಸಿಕೊಂಡು ದೇವರನ್ನು ತೆಗೆದುಹಾಕಿದನು. ಅವನ ನಾಟಕದಲ್ಲಿ ಯಾರೂ ವೇಷ ಹಾಕುವುದಿಲ್ಲ, ಯಾರೂ ವಂಚಿಸುವುದಿಲ್ಲ. ಈ ಅಂಶವನ್ನು ವಾಚಕರು ನೆನಪಿನಲ್ಲಿಡಬೇಕೆಂದು ಕೋರುತ್ತೇವೆ. ನಾಟಕವು ೧೫೯೪ರ ಡಿಸೆಂಬರ್ ೨೮ರಂದು ಲಂಡನ್ನಿನ ಗ್ರೇಸ್ ಇನ್ ಎಂಬ ವಕೀಲರ ಸಭಾಭವನದಲ್ಲಿ ಪ್ರದರ್ಶಿತವಾಯಿತು. ಅಚ್ಚಾದುದು ಕವಿಯ ಮರಣಾನಂತರ, ೧೬೨೩ರಲ್ಲಿ.

ಪಾತ್ರಗಳಲ್ಲಿ ಮೂರ್ಖರೆನ್ನುವಂಥವರು ಬಹಳ ಕಡಮೆ. ಏಡ್ರಿಯಾನಳು ಪರಸ್ಥಳದ ಆಂಟಿಫೋಲಸನನ್ನು ಗಂಡನೆಂದೇ ಭಾವಿಸಿ ಊಟಕ್ಕೆ ಕರೆದೊಯ್ಯುತ್ತಾಳೆ. ನಿಜವಾದ ಗಂಡನು ತನ್ನ ಮನೆಯ ಬಾಗಿಲಲ್ಲಿಯೇ ತಡೆಯಲ್ಪಡುತ್ತಾನೆ. ಅವಳ ತಪ್ಪು ಪ್ರೀತಿಯಿಂದ ಹುಟ್ಟಿದ ತಪ್ಪು. ಗಂಡನು ತನ್ನನ್ನು ಮರೆಯುತ್ತಿದ್ದಾನೆಂಬ ಸಂಶಯವು ಆಗಲೇ ಅವಳಲ್ಲಿತ್ತಾದುದರಿಂದ, ಅಪರಿಚಿತನ ನಿರಾಕರಣೆಯೂ ಅವಳಿಗೆ ಗಂಡನ ಅನಾದರವಾಗಿಯೇ ಕಾಣುತ್ತದೆ. ಆಂಜೆಲೋ ಎಂಬ ಅಕ್ಕಸಾಲಿಗನು, ನಮ್ಮ ಸೀಮೆಯ ಮಾತಿನಲ್ಲಿ ಪತ್ತಾರನು, ಬಂಗಾರದ ಸರವನ್ನು ಒಬ್ಬನಿಗೆ ಕೊಟ್ಟು ಇನ್ನೊಬ್ಬನನ್ನು ಹಣ ಕೇಳುತ್ತಾನೆ. ಅವನೂ ಪ್ರಾಮಾಣಿಕನೇ, ಮುಖವನ್ನು ನಂಬಿ ವ್ಯವಹರಿಸುವುದು ಅವನ ಕಸುಬಿನ ಧರ್ಮ. ಪಿಂಚ್ ಎಂಬ ಶಾಲೆಯ ಉಪಾಧ್ಯಾಯನಂತೂ ಗೃಹಸ್ಥನಿಗೆ ಪಿಶಾಚಿ ಹಿಡಿದಿದೆಯೆಂದು ಮಂತ್ರ ಹಾಕಿ ಅವನನ್ನು ಕಟ್ಟಿಸುತ್ತಾನೆ. ಅಜ್ಞಾನಕ್ಕಿಂತ ವಿದ್ಯೆಯ ಭ್ರಾಂತಿ ಹೆಚ್ಚು ಕ್ರೂರವೆಂಬುದನ್ನು ಕವಿಯು ಈ ಒಂದು ಪಾತ್ರದಿಂದ ತೋರಿಸಿದ್ದಾನೆ.

ಎಲ್ಲರಿಗಿಂತ ಹೆಚ್ಚು ಪೆಟ್ಟು ತಿನ್ನುವವರು ಡ್ರೋಮಿಯೋಗಳು. ಒಡೆಯನೊಬ್ಬನು ಹೇಳಿದ ಕೆಲಸವನ್ನು ನಿಷ್ಠೆಯಿಂದ ಮಾಡಿ ಇನ್ನೊಬ್ಬ ಒಡೆಯನ ಕೈಯಲ್ಲಿ ಏಟು ತಿನ್ನುವುದೇ ಅವರ ಪಾಡು. ನಾಟಕದ ಕೊನೆಯಲ್ಲಿ ತಮ್ಮಲ್ಲಿ ಹಿರಿಯರು ಯಾರೆಂಬುದನ್ನು ನಿರ್ಣಯಿಸಲಾರದೆ ಕೈಕೈ ಹಿಡಿದು ಒಟ್ಟಿಗೆ ಒಳನಡೆಯುವವರೂ ಅವರೇ. ಒಡೆಯರಾದ ಅಣ್ಣತಮ್ಮಂದಿರ ಭೇಟಿಗಿಂತ ಆಳುಗಳ ಭೇಟಿಯಲ್ಲಿ ಹೆಚ್ಚಿನ ಬಾಂಧವ್ಯವಿದೆ.

೩

ಇಂತಹ ಪಾತ್ರಗಳನ್ನು ಕನ್ನಡಕ್ಕೆ ತಂದ ಇಬ್ಬರೂ ನಾಟಕವನ್ನು ಬಿಟ್ಟು ಕಥೆಯನ್ನು ಆರಿಸಿಕೊಂಡರೆಂಬುದು ಗಮನಾರ್ಹ. ಚೆನ್ನಬಸಪ್ಪನವರು ತಮ್ಮ ಗ್ರಂಥದ ಹೆಸರಿನಲ್ಲಿಯೇ ‘ಕಥೆ’ ಎಂದರು. ವೆಂಕಟಾಚಾರ್ಯರಿಗೆ ಆಧಾರವಾದ ಈಶ್ವರಚಂದ್ರ ವಿದ್ಯಾಸಾಗರರ ‘ಭ್ರಾಂತಿವಿಲಾಸ’ವೂ (೧೮೬೯) ಗದ್ಯಕಥೆಯೇ. ವಿದ್ಯಾಸಾಗರರು ಊರುಗಳನ್ನು ಹೇಮಕೂಟ, ಜಯಸ್ಥಲಗಳೆಂದು ಮಾರ್ಪಡಿಸಿದರು. ಮುದಿ ವರ್ತಕನನ್ನು ಸೋಮದತ್ತನೆಂದೂ ಅವಳಿ ಒಡೆಯರನ್ನು ಚಿರಂಜೀವರೆಂದೂ ಅವಳಿ ಆಳುಗಳನ್ನು ಕಿಂಕರರೆಂದೂ ಕರೆದರು. ಈ ಕೊನೆಯ ಹೆಸರು ವಿಚಾರಯೋಗ್ಯವಾದುದು. ‘ಕಿಂಕರ’ನೆಂದರೆ ಸೇವಕ. ಒಡೆಯನಿಗೆ ಹರಕೆಯ ಹೆಸರು, ಆಳಿಗೆ ಅವನ ಕೆಲಸವೇ ಹೆಸರು. ಕೆಲಸವೇ ಹೆಸರಾದವನನ್ನು ಅದೇ ಕೆಲಸದ ಇನ್ನೊಬ್ಬನೆಂದು ತಿಳಿಯುವುದು ಅತಿ ಸುಲಭ. ಡ್ರೋಮಿಯೋಗಳ ಪಾಡಿಗೆ ಇದಕ್ಕಿಂತ ಸಂಕ್ಷಿಪ್ತವಾದ ಭಾಷ್ಯವನ್ನು ನಾವು ಕಾಣೆವು.

ಗದ್ಯದಲ್ಲಿ ಈ ವಿನೋದಕ್ಕೆ ಒಂದು ಅನುಕೂಲವೂ ಒಂದು ನಷ್ಟವೂ ಉಂಟು. ಓದುವವನ ಮುಂದೆ ಒಂದೇ ಮುಖದ ಇಬ್ಬರು ನಟರನ್ನು ನಿಲ್ಲಿಸಬೇಕಾದ ಕಷ್ಟವಿಲ್ಲ. ಅಕ್ಷರದಲ್ಲಿ ಎಲ್ಲ ಮುಖಗಳೂ ಸಮಾನ. ಆದರೆ ನಿರೂಪಕನು ಪ್ರತಿಯೊಂದು ಸಲವೂ ‘ಹೇಮಕೂಟದ ಚಿರಂಜೀವ’, ‘ಜಯಸ್ಥಲದ ಚಿರಂಜೀವ’ ಎಂದು ಊರಿನ ಹೆಸರನ್ನು ಹಿಡಿದೇ ಹೇಳಬೇಕಾಗುತ್ತದೆ. ಅಂದರೆ ಕಥೆಯೊಳಗಿನ ಯಾರಿಗೂ ಹೊಳೆಯದ ಗುರುತನ್ನು, ಸ್ಥಳದ ಗುರುತನ್ನು, ಓದುಗನು ಹೆಜ್ಜೆ ಹೆಜ್ಜೆಗೂ ಪಡೆಯುತ್ತಾನೆ. ಮುಖವೂ ಹೆಸರೂ ಒಂದೇ ಆದಾಗ ಮನುಷ್ಯರನ್ನು ಬೇರ್ಪಡಿಸುವುದು ಊರು. ಈ ವಸ್ತುವು ಕನ್ನಡದಲ್ಲಿ ಬಹುಕಾಲ ಬಾಳಿತು. ೧೯೯೭ರಲ್ಲಿ ‘ಉಲ್ಟಾ ಪಲ್ಟಾ’ ಎಂಬ ಚಲನಚಿತ್ರವಾಗಿಯೂ ಜನರನ್ನು ನಗಿಸಿತು.

೪

ಹತ್ತೊಂಬತ್ತನೆಯ ಶತಮಾನದಲ್ಲಿ ಉತ್ತರ ಕರ್ನಾಟಕದ ಜನರಿಗೆ ನಾಟಕವೆಂದರೆ ಬಹುಮಟ್ಟಿಗೆ ಬಯಲಾಟ. ಈ ರಂಗದ ಒಂದು ಕಟ್ಟಳೆಯು ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿದೆ. ಪಾತ್ರಧಾರಿಯು ರಂಗಕ್ಕೆ ಬಂದೊಡನೆ ಸಾರಥಿಯೋ ಭಾಗವತನೋ ಅವನನ್ನು ತಡೆದು ಸ್ಥಳ ನಾಮಾಂಕಿತವನ್ನು ಕೇಳುತ್ತಾನೆ. ಯಾವ ಪಟ್ಟಣ, ಯಾರ ಮಗ, ಯಾವ ಹೆಸರು, ಬಂದ ಕಾರಣವೇನು ಎಂಬುದನ್ನು ಪಾತ್ರವು ಬಿಚ್ಚಿ ಹೇಳಿದ ಮೇಲೆಯೇ ಕಥೆ ಮುಂದಕ್ಕೆ ಸಾಗುವುದು. ಕಿರೀಟ ಭುಜಕೀರ್ತಿಗಳನ್ನು ಕಂಡು ಪ್ರೇಕ್ಷಕರು ಅರ್ಜುನನೆಂದು ಆಗಲೇ ತಿಳಿದಿದ್ದರೂ ಸಾರಥಿಯು ಕೇಳದೆ ಬಿಡುವುದಿಲ್ಲ. ವೇಷವನ್ನು ನಂಬಬಾರದು, ಕೇಳಿ ತಿಳಿಯಬೇಕು ಎಂಬುದು ಈ ಕಟ್ಟಳೆಯ ತಾತ್ಪರ್ಯವೆಂದು ನಾವು ಭಾವಿಸುತ್ತೇವೆ.

ಇಂತಹ ರಂಗದಲ್ಲಿ ಗುರುತು ತಪ್ಪುವ ಪ್ರಸಂಗಗಳಿಲ್ಲವೆಂದಲ್ಲ. ‘ಶ್ರೀಕೃಷ್ಣ ಪಾರಿಜಾತ’ದಲ್ಲಿ ಮುನಿದ ಸತ್ಯಭಾಮೆಯ ಬಳಿಗೆ ಕೃಷ್ಣನು ಕೊರವಂಜಿಯ ವೇಷದಲ್ಲಿ ಕಣಿ ಹೇಳಲು ಬರುತ್ತಾನೆ. ಎದುರಿಗೆ ಕುಳಿತವನು ತನ್ನ ಗಂಡನೆಂಬುದು ಭಾಮೆಗೆ ತಿಳಿಯದು. ನೆರೆದ ಜನರೆಲ್ಲರಿಗೂ ತಿಳಿದಿದೆ. ಅಲ್ಲಿ ನಗೆ ಹುಟ್ಟುವುದು ಈ ತಿಳಿವಿನ ಅಂತರದಿಂದ. ಏಡ್ರಿಯಾನಳು ಪರಪುರುಷನನ್ನು ಗಂಡನೆಂದಳು; ಸತ್ಯಭಾಮೆಯು ಗಂಡನನ್ನು ಪರಸ್ತ್ರೀಯೆಂದಳು. ಒಂದು ಇನ್ನೊಂದರ ತಲೆಕೆಳಗಾದ ರೂಪ. ಆದರೆ ಕೃಷ್ಣನ ವೇಷ ಬುದ್ಧಿಪೂರ್ವಕವಾದುದು, ಲೀಲೆ. ಈ ದೃಷ್ಟಿಯಿಂದ ಪಾರಿಜಾತವು ದೇವರು ಮನುಷ್ಯರೂಪ ಧರಿಸುವ ‘ಆಂಫಿಟ್ರುವೋ’ಗೆ ಸಮೀಪವಾಗಿದೆ.

ನಮ್ಮ ಪರಂಪರೆಯಲ್ಲಿ ಒಂದೇ ರೂಪದ ಹಲವರು ಎದುರಿಗೆ ನಿಂತ ಪ್ರಸಿದ್ಧ ಸಂದರ್ಭವೆಂದರೆ ದಮಯಂತಿಯ ಸ್ವಯಂವರ. ಮಹಾಭಾರತದ ನಳೋಪಾಖ್ಯಾನದಲ್ಲಿ ಬಂದು, ಕನಕದಾಸರ ‘ನಳಚರಿತ್ರೆ’ಯಿಂದ ಕನ್ನಡಿಗರ ಮನೆಮಾತಾದ ಈ ಕಥೆಯಲ್ಲಿ ನಾಲ್ವರು ದೇವತೆಗಳು ನಳನ ರೂಪ ತಾಳುತ್ತಾರೆ. ದೇವತೆಗಳ ಕಣ್ಣು ಎವೆಯಿಕ್ಕದು, ಮೈ ಬೆವರದು, ಪಾದ ನೆಲ ಮುಟ್ಟದು. ಬೆವರಿದವನೂ ನೆರಳುಳ್ಳವನೂ ನಳ. ಮನುಷ್ಯನನ್ನು ಅವನ ಕುಂದಿನಿಂದ ಗುರುತಿಸಬೇಕೆಂಬ ಸೊಗಸಾದ ಭಾವವು ಇಲ್ಲಿದೆ. ಷೇಕ್ಸ್‌ಪಿಯರನ ನಾಟಕದಲ್ಲಿ ಈ ದಾರಿಯೂ ಮುಚ್ಚಿದೆ. ಇಬ್ಬರು ಆಂಟಿಫೋಲಸರೂ ಬೆವರುವವರೇ. ಅವರನ್ನು ಬಿಡಿಸಬಲ್ಲುದು ಸಾರಥಿಯ ಪ್ರಶ್ನೆಯೊಂದೇ. ಐದು ಅಂಕಗಳಲ್ಲಿ ಎಫೆಸಸ್ಸಿನ ಒಬ್ಬನಾದರೂ ಪರಸ್ಥಳದವನನ್ನು ನಿಲ್ಲಿಸಿ ‘ನೀನು ಯಾವ ಊರಿನವನು?’ ಎಂದು ಕೇಳಿ ಉತ್ತರಕ್ಕೆ ಕಿವಿಗೊಟ್ಟಿದ್ದರೆ ನಾಟಕವು ಅಲ್ಲಿಗೇ ಮುಗಿಯುತ್ತಿತ್ತು.

ರಾಯಚೂರು ನಗರದ ರಂಗಸಾಹಿತ್ಯವನ್ನು ಕುರಿತು ಇಲ್ಲಿಯೇ ಒಂದು ಮಾತು. ಆ ನಗರದಲ್ಲಿ ಹಮ್‌ದರ್ದ್ ಶಾಲೆಯನ್ನು ಸ್ಥಾಪಿಸಿದ ಪಂಡಿತ ತಾರಾನಾಥರು (೧೮೯೧–೧೯೪೨) ‘ದೀನಬಂಧು ಕಬೀರ’ ಎಂಬ ನಾಟಕವನ್ನು ರಚಿಸಿದರು. ಹಿಂದುವೋ ಮುಸಲ್ಮಾನನೋ ಎಂದು ಜನರು ಮರಣಾನಂತರವೂ ಜಗಳವಾಡಿದರೆಂದು ಐತಿಹ್ಯವುಳ್ಳ ಸಂತನನ್ನು ರಾಯಚೂರಿನ ನಾಟಕಕಾರರೊಬ್ಬರು ನಾಯಕನನ್ನಾಗಿ ಆರಿಸಿಕೊಂಡುದು ಅರ್ಥಪೂರ್ಣವಾಗಿದೆ. ಕನ್ನಡ, ತೆಲುಗು, ಉರ್ದು ಮೂರೂ ನಿತ್ಯ ಕೇಳಿಬರುವ ಆ ನಗರದಲ್ಲಿ ‘ನೀನು ಯಾರು?’ ಎಂಬುದು ರಂಗದ ಮೇಲಿನ ಪ್ರಶ್ನೆ ಮಾತ್ರವಾಗಿರಲಿಲ್ಲ.

೫

ಈಗ ಪಾತ್ರಗಳಿಂದ ಕರ್ತೃಗಳ ಕಡೆಗೆ ತಿರುಗುತ್ತೇವೆ. ಎಡೆದೊರೆ ನಾಡಿನ ಸಾಹಿತ್ಯ ಚರಿತ್ರೆಯಲ್ಲಿಯೇ ಭ್ರಾಂತಿವಿನೋದದ ವಸ್ತುವು ಅಡಗಿದೆಯೆಂಬುದನ್ನು ತೋರಿಸುವುದು ಈ ಭಾಗದ ಉದ್ದೇಶ.

ಮೇಲೆ ಹೇಳಿದ ‘ಶ್ರೀಕೃಷ್ಣ ಪಾರಿಜಾತ’ವನ್ನು ಬರೆದವನು ಯಾರು? ತಮ್ಮಣ್ಣನೆಂದು ಉತ್ತರ. ಯಾವ ತಮ್ಮಣ್ಣ? ಇಲ್ಲಿಯೇ ತೊಡಕು. ರಾಯಚೂರು ಸೀಮೆಯವನೆಂದು ಸಾಹಿತ್ಯ ಚರಿತ್ರೆಗಳು ಹೇಳುವ ಅಪರಾಳ ತಮ್ಮಣ್ಣನೊಬ್ಬ. ಗೋಕಾಕ ಸೀಮೆಯ ಕುಲಗೋಡ ತಮ್ಮಣ್ಣನೊಬ್ಬ. ಮೊದಲನೆಯವನು ಕೃತಿಯನ್ನು ರಚಿಸಿದನು; ಎರಡನೆಯವನು ಅದನ್ನು ಆಟಕ್ಕೆ ಅಳವಡಿಸಿ ತಿದ್ದಿ ಬೆಳಸಿದನು. ಹೆಸರು ಒಂದೇ, ಕೃತಿಯ ಹೆಸರೂ ಒಂದೇ. ಇಂತಹ ಸ್ಥಿತಿಯಲ್ಲಿ ಬರಿಯ ‘ತಮ್ಮಣ್ಣ’ನೆಂದು ಹೇಳಿ ಮುಂದುವರಿದರೆ ಒಬ್ಬನ ಸರದ ಹಣವನ್ನು ಇನ್ನೊಬ್ಬನಿಗೆ ಸಲ್ಲಿಸಿದಂತೆಯೇ ಸರಿ, ಪತ್ತಾರ ಆಂಜೆಲೋವಿನ ಲೆಕ್ಕ ಅದು. ಆಟವು ಹೆಚ್ಚಾಗಿ ಬೆಳೆದುದು ಕೃಷ್ಣೆಯ ಪಶ್ಚಿಮದ ಸೀಮೆಯಲ್ಲಾದುದರಿಂದ, ಅದರ ಮೂಲದಲ್ಲಿ ರಾಯಚೂರು ಸೀಮೆಯ ಕವಿಯೊಬ್ಬನಿದ್ದಾನೆಂಬುದು ಜನರ ನೆನಪಿನಿಂದ ಜಾರುವ ಅಪಾಯವು ಸದಾ ಇದೆ. ಇಬ್ಬರನ್ನೂ ಬೇರೆಬೇರೆಯಾಗಿ ನಿಲ್ಲಿಸುವುದು ಅವರ ಹೆಸರಿನ ಮುಂದಿನ ಊರು. ಸ್ಥಳವನ್ನು ಬಿಟ್ಟರೆ ನಾಮಾಂಕಿತವು ಪ್ರಯೋಜನಕ್ಕೆ ಬಾರದು.

ದೇವದುರ್ಗ ಮಾನ್ವಿಗಳಲ್ಲಿ ಇದೇ ಪ್ರಶ್ನೆಯು ಬೇರೊಂದು ರೂಪದಲ್ಲಿ ಎದುರಾಗುತ್ತದೆ. ಹದಿನೆಂಟನೆಯ ಶತಮಾನದಲ್ಲಿ ದಾಸಸಾಹಿತ್ಯಕ್ಕೆ ಎರಡನೆಯ ವಸಂತವನ್ನು ತಂದವರು ಈ ಎರಡು ತಾಲ್ಲೂಕುಗಳ ಹಳ್ಳಿಗಳವರು. ವಿಜಯದಾಸರು (೧೬೮೨–೧೭೫೫) ಮಾನ್ವಿ ಸೀಮೆಯ ಚೀಕಲಪರ್ವಿಯವರು. ಅವರ ಶಿಷ್ಯರಾದ ಗೋಪಾಲದಾಸರು ದೇವದುರ್ಗ ಸೀಮೆಯ ಮೊಸರಕಲ್ಲಿನವರು. ‘ಹರಿಕಥಾಮೃತಸಾರ’ದ ಕರ್ತೃಗಳಾದ ಜಗನ್ನಾಥದಾಸರು ಮಾನ್ವಿ ಸೀಮೆಯ ಬ್ಯಾಗವಾಟದಲ್ಲಿ ಹುಟ್ಟಿ ಮಾನ್ವಿಯಲ್ಲಿ ಬಾಳಿದವರು. ಇವರಲ್ಲಿ ಪ್ರತಿಯೊಬ್ಬರಿಗೂ ಎರಡು ಹೆಸರು. ವಿಜಯದಾಸರು ಮೊದಲು ದಾಸಪ್ಪ; ಗೋಪಾಲದಾಸರು ಭಾಗಣ್ಣ; ಜಗನ್ನಾಥದಾಸರು ಶ್ರೀನಿವಾಸಾಚಾರ್ಯ. ನಾಟಕದಲ್ಲಿ ಇಬ್ಬರಿಗೆ ಒಂದು ಹೆಸರಾದರೆ ಇಲ್ಲಿ ಒಬ್ಬರಿಗೆ ಎರಡು. ಹೊಸ ಹೆಸರು ಗುರುವಿನಿಂದ ಬಂದುದು. ಪದದ ಕೊನೆಯಲ್ಲಿ ಅಂಕಿತವಾಗಿ ನಿಲ್ಲುವಂಥದು. ವಿಜಯವಿಠಲ, ಗೋಪಾಲವಿಠಲ, ಜಗನ್ನಾಥವಿಠಲ ಎಂಬ ಅಂಕಿತಗಳಿಂದಲೇ ನಾವು ಇಂದು ಯಾರ ಪದ ಯಾವುದೆಂದು ತಿಳಿಯುತ್ತೇವೆ.

ಆದರೆ ಅಂಕಿತಗಳೂ ಅವಳಿಗಳಂತೆ ಇರಬಲ್ಲವು. ಗೋಪಾಲದಾಸರ ಮೂವರು ತಮ್ಮಂದಿರೂ ಹರಿದಾಸರೇ. ಅವರ ಅಂಕಿತಗಳು ವರದಗೋಪಾಲವಿಠಲ, ಗುರುಗೋಪಾಲವಿಠಲ, ತಂದೆಗೋಪಾಲವಿಠಲ. ತಾಳೆಯ ಗರಿಯಿಂದ ಕಾಗದಕ್ಕೆ, ಕಾಗದದಿಂದ ಅಚ್ಚಿಗೆ ಇಳಿಯುವಾಗ ಲಿಪಿಕಾರನ ಕೈಯಿಂದ ‘ವರದ’ ಎಂಬ ಮೂರಕ್ಷರವೋ ‘ಗುರು’ ಎಂಬ ಎರಡಕ್ಷರವೋ ಜಾರಿದರೆ ಸಾಕು, ತಮ್ಮನ ಪದವು ಅಣ್ಣನದಾಗುತ್ತದೆ. ಹಾಡುವವರ ಬಾಯಲ್ಲಿಯಂತೂ ತಾಳಕ್ಕೆ ಹೊಂದಿಸುವ ಸಲುವಾಗಿ ಒಂದು ವಿಶೇಷಣವು ಬಿಟ್ಟುಹೋಗುವುದು ಅತಿ ಸಹಜ. ಈ ಮೂವರಲ್ಲಿ ಒಬ್ಬರ ಪೂರ್ವನಾಮವೂ ದಾಸಪ್ಪನೆಂದೇ ಇದ್ದುದನ್ನು ನೆನೆದರೆ ತೊಡಕು ಇಮ್ಮಡಿಯಾಗುತ್ತದೆ. ದಾಸಪ್ಪನೆಂಬ ಹೆಸರು ಮಾತ್ರ ಸಿಕ್ಕ ಐತಿಹ್ಯವನ್ನು ಚೀಕಲಪರ್ವಿಗೆ ಸಲ್ಲಿಸಬೇಕೋ ಮೊಸರಕಲ್ಲಿಗೆ ಸಲ್ಲಿಸಬೇಕೋ ಎಂಬುದನ್ನು ಊರು ತಿಳಿಯದೆ ನಿರ್ಣಯಿಸಲಾಗದು.

ಆದುದರಿಂದ ಎಡೆದೊರೆ ನಾಡಿನ ಸಾಹಿತ್ಯವನ್ನು ಸಂಪಾದಿಸುವವನು ಪಿಂಚನ ಮಾರ್ಗವನ್ನು ಬಿಟ್ಟು ಸಾರಥಿಯ ಮಾರ್ಗವನ್ನು ಹಿಡಿಯಬೇಕು. ತನ್ನ ಸಿದ್ಧಾಂತಕ್ಕೆ ಒಗ್ಗದ ಪಾಠವನ್ನು ದೋಷವೆಂದು ಕಟ್ಟಿಹಾಕುವ ಮೊದಲು ಪ್ರತಿಯೊಂದು ಹಸ್ತಪ್ರತಿಯನ್ನೂ ಕೇಳಬೇಕು: ಯಾವ ಊರಿನಲ್ಲಿ ದೊರೆತೆ, ಯಾರ ಮನೆಯ ಪಾಠ ನೀನು, ನಿನ್ನ ಗುರುವನ್ನು ಎಲ್ಲಿ ಸ್ಮರಿಸಿದ್ದೀಯೆ? ಅಂಕಿತವೊಂದರಿಂದಲೇ ತೀರ್ಮಾನಕ್ಕೆ ಬರುವುದು ಮುಖವೊಂದರಿಂದಲೇ ಸರವನ್ನು ಒಪ್ಪಿಸಿದಂತೆ.

೬

ಕೊನೆಯದಾಗಿ, ಈ ನಗೆನಾಟಕವು ನಗೆಯಿಂದ ಆರಂಭವಾಗುವುದಿಲ್ಲವೆಂಬುದನ್ನು ಹೇಳಬೇಕು. ಅದು ಆರಂಭವಾಗುವುದು ಮರಣದಂಡನೆಯಿಂದ. ಕಳೆದುಹೋದ ಮಕ್ಕಳನ್ನು ಹುಡುಕುತ್ತ ಬಂದ ಸಿರಾಕ್ಯೂಸಿನ ಮುದಿ ವರ್ತಕ ಈಜಿಯನನು, ಆ ಊರಿಗೂ ಎಫೆಸಸ್ಸಿಗೂ ವೈರವಿದ್ದ ಕಾರಣ, ಕಾಲಿಟ್ಟ ಅಪರಾಧಕ್ಕಾಗಿಯೇ ಸೆರೆಯಾಗುತ್ತಾನೆ. ಸೂರ್ಯಾಸ್ತದೊಳಗೆ ಸಾವಿರ ಮಾರ್ಕು ದಂಡ ತೆರದಿದ್ದರೆ ಅವನ ತಲೆ ಉಳಿಯದು. ಇಡೀ ದಿನದ ವಿನೋದವು ಈ ನೆರಳಿನಲ್ಲಿ ನಡೆಯುತ್ತದೆ. ಈಜಿಯನನನ್ನು ಮಾತ್ರ ಊರಿನವರು ಆರಂಭದಲ್ಲಿಯೇ ‘ಯಾವ ಊರು?’ ಎಂದು ಕೇಳಿದ್ದಾರೆ. ಆದರೆ ತಿಳಿಯುವುದಕ್ಕಾಗಿ ಅಲ್ಲ, ದಂಡಿಸುವುದಕ್ಕಾಗಿ.

ಎಡೆದೊರೆ ನಾಡಿನವರಿಗೆ ಈ ಭಾಗವನ್ನು ವಿವರಿಸಿ ಹೇಳಬೇಕಾಗಿಲ್ಲ. ಬಹಮನಿ ವಿಜಯನಗರಗಳ ನಡುವೆ ಇದು ಕಾದಾಟದ ನೆಲ; ೧೫೨೦ರಲ್ಲಿ ಕೃಷ್ಣದೇವರಾಯನು ಇಸ್ಮಾಯಿಲ್ ಆದಿಲ್‌ಶಹನನ್ನು ಸೋಲಿಸಿ ರಾಯಚೂರು ಕೋಟೆಯನ್ನು ಹಿಡಿದನು. ೧೮೦೦ರಿಂದ ತುಂಗಭದ್ರೆಯ ದಕ್ಷಿಣದ ದಡವು ಕಂಪೆನಿ ಸರಕಾರದ್ದಾಯಿತು. ಉತ್ತರದ ದಡದ ಮಾನ್ವಿ ಸೀಮೆಯು ನಿಜಾಮರ ರಾಜ್ಯದಲ್ಲಿ ಉಳಿಯಿತು. ದೇವದುರ್ಗದ ಉತ್ತರಕ್ಕೆ ಕೃಷ್ಣೆಯ ಆಚೆ ೧೮೫೮ರ ವರೆಗೆ ಸುರಪುರದ ನಾಯಕರ ಸಂಸ್ಥಾನವಿತ್ತು. ರಾಯಚೂರು ಸೀಮೆಯನ್ನು ೧೮೫೩ರಲ್ಲಿ ನಿಜಾಮರು ಇಂಗ್ಲಿಷರಿಗೆ ಒಪ್ಪಿಸಿದರು. ೧೮೬೦ರಲ್ಲಿ ಅದು ಮರಳಿ ಬಂದಿತು. ಹೊಳೆ ದಾಟಿದವನ ಕೈಯ ನಾಣ್ಯವೇ ಬದಲಾಗುತ್ತಿತ್ತು. ಈಚೆಗೆ ಹಾಲಿ ಸಿಕ್ಕಾ, ಆಚೆಗೆ ಕಲ್ದಾರ. ಮನೆಯಲ್ಲಿ ಕನ್ನಡದಲ್ಲಿ ಕರೆಸಿಕೊಂಡ ಹೆಸರು ಕಚೇರಿಯ ದಫ್ತರದಲ್ಲಿ ಮೊದಲು ಫಾರಸಿಯಲ್ಲಿ, ಅನಂತರ ಉರ್ದುವಿನಲ್ಲಿ ಬರೆಯಲ್ಪಡುತ್ತಿತ್ತು. ೧೯೪೮ರಲ್ಲಿ ಹೈದರಾಬಾದು ಸಂಸ್ಥಾನವು ಭಾರತ ಒಕ್ಕೂಟದಲ್ಲಿ ಸೇರಿದ ಮೇಲೆ, ೧೯೫೬ರ ನವೆಂಬರ್ ೧ರಂದು, ಈ ಸೀಮೆಯು ಕನ್ನಡದ ಏಕೀಕೃತ ರಾಜ್ಯದಲ್ಲಿ ಬಂದು ಕೂಡಿತು. ಊರು ಕದಲಲಿಲ್ಲ, ಊರು ಯಾರದೆಂಬುದು ಮಾತ್ರ ಮತ್ತೆ ಮತ್ತೆ ಬದಲಾಯಿತು.

ನಾಟಕದಲ್ಲಿ ಅತ್ಯಂತ ಕರುಣಾಜನಕವಾದ ಗಳಿಗೆಯು ಕೊನೆಯ ಅಂಕದಲ್ಲಿದೆ. ವಧಾಸ್ಥಾನಕ್ಕೆ ನಡೆಯುತ್ತಿರುವ ಈಜಿಯನನು ಎಫೆಸಸ್ಸಿನ ಆಂಟಿಫೋಲಸನನ್ನು ಕಂಡು ತನ್ನ ಕೈಯಲ್ಲಿ ಬೆಳೆದ ಮಗನೆಂದು ಕರೆಯುತ್ತಾನೆ. ಆ ಮಗನು ತಂದೆಯನ್ನು ಅರಿಯನು. ಇಬ್ಬರೂ ಸುಳ್ಳಾಡುತ್ತಿಲ್ಲ. ಆಶ್ರಮದ ಅಧಿನಾಯಕಿಯಾಗಿದ್ದ ತಾಯಿ ಎಮಿಲಿಯಳು ಇನ್ನೊಬ್ಬ ಮಗನನ್ನು ಹೊರಕರೆತಂದು, ಈಜಿಯನನನ್ನು ಅವನ ಹೆಸರು ಹಿಡಿದು ಮಾತನಾಡಿಸಿದಾಗ ಮಾತ್ರ ಎಲ್ಲವೂ ಬಿಡಿಸಿಕೊಳ್ಳುತ್ತದೆ. ಅವಳು ಕೇಳುವುದೂ ಸಾರಥಿಯ ಪ್ರಶ್ನೆಯನ್ನೇ: ನೀನು ಇಂಥವನಾಗಿದ್ದವನೋ, ನಿನಗೆ ಇಂಥ ಹೆಂಡತಿಯಿದ್ದಳೋ ಎಂದು. ಅದೇ ಪ್ರಶ್ನೆಯನ್ನು ಬೆಳಿಗ್ಗೆ ಅಧಿಕಾರವು ಕೇಳಿದಾಗ ಮರಣದಂಡನೆ ಬಂದಿತು. ಸಂಜೆ ಬಾಂಧವ್ಯವು ಕೇಳಿದಾಗ ಬಿಡುಗಡೆ ಬಂದಿತು.

ಭ್ರಾಂತಿವಿನೋದದ ಪಾತ್ರಗಳು ನಮಗೆ ಕಲಿಸುವುದು ಇದನ್ನೇ ಎಂದು ನಾವು ತಿಳಿಯುತ್ತೇವೆ. ಕೇಳದೆ ನಂಬಿದರೆ ಒಬ್ಬನ ಬಾಳು ಇನ್ನೊಬ್ಬನಿಗೆ ಸಲ್ಲುತ್ತದೆ. ದಂಡಿಸಲು ಕೇಳಿದರೆ ಬಾಳೇ ಅಳಿಯುತ್ತದೆ. ತಿಳಿಯಲು ಕೇಳಿದರೆ ಕಳೆದುಹೋದವರು ಮರಳಿ ದೊರೆಯುತ್ತಾರೆ. ಅಪರಾಳ, ಮೊಸರಕಲ್ಲು, ಚೀಕಲಪರ್ವಿ, ಬ್ಯಾಗವಾಟಗಳ ಕವಿಗಳಿಗೂ ಆ ಪದಗಳನ್ನು ಉಳಿಸಿದ ಹೆಸರಿಲ್ಲದ ಲಿಪಿಕಾರರಿಗೂ ಗಾಯಕರಿಗೂ ಸಲ್ಲಬೇಕಾದ ಋಣವನ್ನು ಈ ಮೂರನೆಯ ಬಗೆಯ ಪ್ರಶ್ನೆಯಿಂದ ಮಾತ್ರ ತೀರಿಸಲು ಸಾಧ್ಯ.